ಶಾಲಿಗಿಂತ ಮೊದಲು ಸೈನಿಕನ ಪಹಣಿ ನೋಡಿ

ರಾಷ್ಟ್ರೀಯ ಹಬ್ಬಗಳ ದಿನ ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಸನ್ಮಾನಿಸುವುದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ರೂಢಿಯಾಗಿಬಿಟ್ಟಿದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಹಾರ ಎಲ್ಲವೂ ಇರುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹೂವಿಗೆ ಯಾವತ್ತೂ ಬರವಿಲ್ಲ. ಭಾಷಣಗಳು ಮುಗಿಯುವ ತನಕ ಆ ಹಿರಿಯರು ಬಿಸಿಲಲ್ಲಿ ಕೂತಿರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಮರುದಿನ ಅವರಲ್ಲೊಬ್ಬರು ಒಂದು ಅರ್ಜಿ ಹಿಡಿದು ನಾಡಕಚೇರಿಗೆ ಹೋದರೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ. ಸರ್ವರ್ ಎಲ್ಲರಿಗೂ ಕೈಕೊಡುತ್ತದೆ, ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಹಾರ ಹಾಕಿದ ಸಮಾಜಕ್ಕೆ ಆ ಅರ್ಜಿಯಲ್ಲಿ ಏನಿದೆ ಎಂಬ ಕುತೂಹಲವೇ ಇಲ್ಲದಿರುವುದು ವಿಶೇಷ. ಸೈನಿಕನಿಗೆ ನಾವು ಸಲ್ಲಿಸಬೇಕಾದ ಕೃತಜ್ಞತೆಯ ಬಹುಭಾಗ ಅಂಥ ಅರ್ಜಿಗಳಲ್ಲಿಯೇ ಇದೆ ಎಂಬುದು ನನ್ನ ವಾದ.

ಯುದ್ಧ ನಡೆದಾಗ ಸೈನಿಕ ಪ್ರಾಣವನ್ನೇ ಒಡ್ಡುತ್ತಾನೆ. ಯುದ್ಧವಿಲ್ಲದ ವರ್ಷಗಳಲ್ಲಿ ಅವನು ದಿನವೂ ಕಳೆದುಕೊಳ್ಳುವುದು ಊರಿನಲ್ಲಿ ಇರಬೇಕಾದ ಹೊತ್ತಿಗೆ ಇರುವ ಅವಕಾಶವನ್ನು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅದೂ ಕೇಳಿದಾಗ ಸಿಗುತ್ತದೆಂಬ ಖಾತ್ರಿಯಿಲ್ಲ, ಗಡಿ ಬಿಸಿಯಾದರೆ ರಜೆ ರದ್ದು. ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಮನೆಯನ್ನೇ ತೆಗೆದುಕೊಳ್ಳಿ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಕಳೆದ ಹುಳು ಏಳೆಂಟು ದಿನ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಹಣ್ಣಾಯಿತೆಂದರೆ ಅಷ್ಟನ್ನೂ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಒಂದೆರಡು ದಿನದಲ್ಲಿ ಹತ್ತು ಕೈ ಬೇಕು. ಗಂಡ ಲೇಹ್‌ನಲ್ಲಿದ್ದರೆ ಸೊಪ್ಪು ಕೊಯ್ಯುವುದು, ಆಳು ಹುಡುಕುವುದು, ಗೂಡನ್ನು ಮಾರುಕಟ್ಟೆಗೆ ಸಾಗಿಸುವುದು ಎಲ್ಲವೂ ಹೆಂಡತಿಯ ತಲೆಯ ಮೇಲೆ. ಇದಾದರೂ ಹೇಗೋ ಸಾಗುತ್ತದೆ. ಕಷ್ಟ ಶುರುವಾಗುವುದು ಕಾಗದಪತ್ರದಲ್ಲಿ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕು, ಅಣ್ಣತಮ್ಮಂದಿರ ನಡುವೆ ವಿಭಾಗವಾಗಬೇಕು, ಸರ್ವೆಯವರು ಬಂದಾಗ ಬದುವಿನ ಮೇಲೆ ನಿಂತು ಇದು ನಮ್ಮದು ಎನ್ನುವವರು ಇರಬೇಕು. ಖಾತೆ ಬದಲಾವಣೆಗೆ ಆಕ್ಷೇಪಣೆ ಇದ್ದರೆ ಗಡುವಿನೊಳಗೆ ಸಲ್ಲಿಸಬೇಕು. ಚಾವಡಿಯ ಗೋಡೆಗೆ ಅಂಟಿಸಿದ ನೋಟಿಸು ಸಾವಿರಾರು ಕಿಲೋಮೀಟರ್ ಆಚೆಯ ಬಂಕರಿನಲ್ಲಿರುವವನಿಗೆ ಕಾಣುವುದಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಸಂಗತಿಯೇನಲ್ಲ. ನಮ್ಮ ಕಾನೂನಿಗೆ ಇದು ಬಹಳ ಹಿಂದೆಯೇ ತಿಳಿದಿತ್ತು. ಸಮರದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಬೆನ್ನ ಹಿಂದೆ ಸಿವಿಲ್ ದಾವೆ ನಡೆದು ತೀರ್ಪಾಗಬಾರದೆಂದು 1925ರಲ್ಲೇ ಭಾರತೀಯ ಸೈನಿಕರ ದಾವೆ ಕಾಯ್ದೆ ಬಂದಿದೆ. ಜಿಲ್ಲೆಯ ಸೈನಿಕನೊಬ್ಬ ಹಾಗೆ ಕೋರ್ಟಿಗೆ ಬರಲಾರದ ಸ್ಥಿತಿಯಲ್ಲಿದ್ದಾನೆ ಎಂದು ಜಿಲ್ಲಾಧಿಕಾರಿ ತಾವಾಗಿಯೇ ನ್ಯಾಯಾಲಯಕ್ಕೆ ತಿಳಿಸಲು ಅದರಲ್ಲಿ ಅವಕಾಶವಿದೆ. ಇದಕ್ಕಿಂತ ದೊಡ್ಡ ಸಾಕ್ಷ್ಯ ನಮ್ಮದೇ ಭೂಸುಧಾರಣಾ ಕಾಯ್ದೆಯಲ್ಲಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನು ಬೇರುಸಹಿತ ಕಿತ್ತಿತು, ಉಳುವವನೇ ಹೊಲದೊಡೆಯನಾದ. ದೇವರಾಜ ಅರಸರ ಸರ್ಕಾರ ಜಮೀನ್ದಾರರ ಮುಖ ನೋಡಲಿಲ್ಲ, ದೇವಸ್ಥಾನಗಳ ಮುಖವನ್ನೂ ನೋಡಲಿಲ್ಲ. ಅಂಥ ಕಟ್ಟುನಿಟ್ಟಿನ ಕಾಯ್ದೆಯೂ ಸೈನಿಕ ಮತ್ತು ನಾವಿಕನಿಗೆ ವಿನಾಯಿತಿ ಕೊಟ್ಟಿತು. ಅವರು ಸೇವೆಯಲ್ಲಿರುವಾಗ ಜಮೀನನ್ನು ಗೇಣಿಗೆ ಕೊಡಬಹುದು, ಆಮೇಲೆ ಮರಳಿ ಪಡೆಯಬಹುದು. ಇವನು ಉಳದೇ ಇರುವುದು ಸೋಮಾರಿತನದಿಂದಲ್ಲ, ಶ್ರೀಮಂತಿಕೆಯಿಂದಲೂ ಅಲ್ಲ, ನಮ್ಮ ಕೆಲಸದ ಮೇಲೆ ಹೋಗಿದ್ದಾನೆ ಎಂದು ಶಾಸನಸಭೆ ಒಪ್ಪಿಕೊಂಡಂತಾಯಿತು. ಒಂದು ರಾಜ್ಯ ತನ್ನ ಸೈನಿಕರಿಗೆ ಸಲ್ಲಿಸಿದ ಇಷ್ಟು ಅರ್ಥವತ್ತಾದ ಗೌರವವನ್ನು ಯಾವ ಸನ್ಮಾನ ಸಮಾರಂಭದಲ್ಲೂ ಕಾಣಲಾರೆವು. ಮಂಜೂರಾತಿಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಶೇ 10ರಷ್ಟನ್ನು ಸೈನಿಕರು, ಮಾಜಿ ಸೈನಿಕರಿಗೆ ಮೀಸಲಿಟ್ಟ 1969ರ ಭೂ ಮಂಜೂರಾತಿ ನಿಯಮಗಳೂ ಇದೇ ಮನಸ್ಸಿನಿಂದ ಹುಟ್ಟಿದವು. ತೀರಾ ಈಚೆಗೆ, 2025ರ ಜುಲೈ 26ರ ಕಾರ್ಗಿಲ್ ವಿಜಯ ದಿನದಂದು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಸೈನಿಕ ಕುಟುಂಬಗಳಿಗೆ ಉಚಿತ ಕಾನೂನು ನೆರವು ನೀಡುವ ವೀರ ಪರಿವಾರ ಸಹಾಯತಾ ಯೋಜನೆಗೆ ಚಾಲನೆ ಕೊಟ್ಟಿತು. 1925ರಿಂದ ಇಂದಿನವರೆಗೆ ತೊಂದರೆಯೂ ಅದೇ, ಕಾನೂನು ಮಾಡುವವರ ತಿಳಿವಳಿಕೆಯೂ ಅದೇ. ನಡುವೆ ಮರೆತವರು ನಾವು.

ಮರೆತರೆ ಏನಾಗುತ್ತದೆ ಎಂಬುದು ನಮ್ಮ ಈ ಜಿಲ್ಲೆಯಲ್ಲಿ ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಬೆಂಗಳೂರು ದೇವನಹಳ್ಳಿಯನ್ನು ದಾಟಿ ನಂದಿಬೆಟ್ಟದ ಬುಡಕ್ಕೆ ಬಂದು ನಿಂತಿದೆ. 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಸಾವಿರ ಅಡಿ ಕೊರೆದರೂ ನೀರು ಬಾರದ ಹೊಲಕ್ಕೂ ಈಗ ಬೆಲೆ. ಇಂಥ ಕಡೆ ಒಂದು ಗುಂಟೆ ಬದು ಆಚೀಚೆಯಾದರೆ ಲಕ್ಷಗಳ ಲೆಕ್ಕ. ಊರಲ್ಲಿ ಇಲ್ಲದವನ ಬದುವೇ ಮೊದಲು ಸರಿಯುವುದು. ಹಾಗಾಗಿ ಪಕ್ಕದ ಹೊಲದವನು ಸೈನಿಕನಿಗೆ ತೋರಿಸಬಹುದಾದ ಅತಿದೊಡ್ಡ ಕೃತಜ್ಞತೆ ಬದುವನ್ನು ಇದ್ದಲ್ಲಿಯೇ ಬಿಡುವುದು. ಇನ್ನೊಬ್ಬರು ಸರಿಸುತ್ತಿದ್ದರೆ ಒಂದು ಫೋನು ಮಾಡುವುದು. ಗ್ರಾಮ ಆಡಳಿತಾಧಿಕಾರಿ ನೋಟಿಸಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ವಕೀಲರು ಎದುರು ಪಕ್ಷದವನು ಸೇನೆಯಲ್ಲಿದ್ದಾನೆಂಬುದನ್ನು ದಾವೆಯಲ್ಲಿ ಮುಚ್ಚಿಡದೆ ಹೇಳಬಹುದು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ: ನಿನ್ನ ಹೊಲದ ನಾಟಿಗೆ ನಾನು, ನನ್ನ ಹೊಲದ ಕೊಯ್ಲಿಗೆ ನೀನು. ಸೈನಿಕ ತನ್ನ ಪಾಲಿನ ಆಳನ್ನು ಮುಂಚಿತವಾಗಿಯೇ ಗಡಿಗೆ ಕಳಿಸಿಬಿಟ್ಟಿದ್ದಾನೆ. ಬಾಕಿ ಇರುವುದು ಊರಿನ ಕಡೆಯಿಂದ.

ಸೈನಿಕರಿಗೆ ಸಂಬಳವಿಲ್ಲವೇ, ಪಿಂಚಣಿಯಿಲ್ಲವೇ, ಬೆಳೆ ಕೈಕೊಟ್ಟ ರೈತನಿಗಿಂತ ಅವರೇನು ಮೇಲೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸೈನಿಕನನ್ನು ರೈತನಿಗಿಂತ ಮೇಲೆ ಕೂರಿಸುವುದು ನನ್ನ ಉದ್ದೇಶವಲ್ಲ. ಅಷ್ಟಕ್ಕೂ ಇಲ್ಲಿ ಜವಾನ ಮತ್ತು ಕಿಸಾನ ಎರಡು ಮನೆಯವರಲ್ಲ, ಎಷ್ಟೋ ಕಡೆ ಒಂದೇ ಮನೆಯ ಅಣ್ಣತಮ್ಮಂದಿರು. ಸಂಬಳ ಅವನು ಮಾಡಿದ ಕೆಲಸಕ್ಕೆ. ಗೈರುಹಾಜರಿಯಿಂದ ಆದ ನಷ್ಟವನ್ನು ಯಾವ ವೇತನ ಆಯೋಗವೂ ಲೆಕ್ಕ ಹಾಕಿಲ್ಲ. ಆ ನಷ್ಟವನ್ನು ತಡೆಯಿರಿ ಎಂದಷ್ಟೇ ಕೇಳುತ್ತಿರುವುದು. ಸರದಿ ಬಿಟ್ಟು ಮುಂದೆ ಕಳಿಸಿ ಎಂದಲ್ಲ. ಇನ್ನು ಕೆಲವರಿಗೆ ಬೇರೊಂದು ಅಳುಕು. ಸೇನೆಯ ಆರಾಧನೆ ಅತಿಯಾದರೆ ಸರ್ಕಾರವನ್ನು ಪ್ರಶ್ನಿಸುವುದೇ ದೇಶದ್ರೋಹವಾಗುತ್ತದೆ ಎಂಬುದು. ಆ ಅಳುಕು ನನಗೂ ಉಂಟು. ಆದರೆ ಆರಾಧನೆ ಹೆಚ್ಚಿದ ಕಡೆಯಲ್ಲೇ ಕಾಳಜಿ ಕಡಿಮೆಯಾಗುವ ಅಪಾಯ ಇರುವುದು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹೂತುಹೋಗಿ ಜೀವಂತವಾಗಿ ಸಿಕ್ಕ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಪ್ರಾರ್ಥಿಸಿತು. ಅವರು ಉಳಿಯಲಿಲ್ಲ. ಸತ್ತವರನ್ನು ನೆನೆಯುವುದು ನಮಗೆ ಚೆನ್ನಾಗಿ ಬರುತ್ತದೆ. ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡಿಗೆ ಬಲಿಯಾದ ಸ್ವಾತಂತ್ರ್ಯ ಹೋರಾಟಗಾರರಿಗೂ ಸ್ಮಾರಕವಿದೆ. ಬದುಕಿ ಬಂದವರ ವಿಷಯದಲ್ಲೇ ನಮಗೆ ಅಭ್ಯಾಸ ಸಾಲದು.

ಕೊಡಗಿನಲ್ಲಿ ಹಾಗಲ್ಲ. ಅಲ್ಲಿ ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರುಗಳಿವೆ, ತಿಮ್ಮಯ್ಯನವರು ಹುಟ್ಟಿದ ಮನೆಯೇ ಮ್ಯೂಸಿಯಂ ಆಗಿದೆ, ಮನೆಮನೆಯಲ್ಲೂ ಸೇನೆಯ ಮಾತಿದೆ. ಬಯಲುಸೀಮೆಯ ನಮ್ಮ ಕಡೆ ಅಂಥ ಪರಂಪರೆಯ ಬಲವಿಲ್ಲ, ಸೈನಿಕರು ಚದುರಿದಂತೆ ಇದ್ದಾರೆ. ಸಂಖ್ಯೆ ಕಡಿಮೆ ಇದ್ದಲ್ಲಿ ಸಂಘದ ಬಲವೂ ಕಡಿಮೆ, ಹಾಗಾಗಿ ನೆರೆಹೊರೆಯ ಹೊಣೆ ಜಾಸ್ತಿ. ಸಮವಸ್ತ್ರದ ಬಣ್ಣವನ್ನೂ ನೋಡಬೇಕಾಗಿಲ್ಲ. ಪುಲ್ವಾಮಾದಲ್ಲಿ 2019ರಲ್ಲಿ ಹುತಾತ್ಮರಾದ ಮಂಡ್ಯದ ಎಚ್. ಗುರು ಸಿಆರ್‌ಪಿಎಫ್‌ನವರು, ಸೇನಾಪಡೆಯವರಿಗೆ ಕೇಂದ್ರದ ನಿಯಮಗಳು ಕೊಡುವ ‘ಮಾಜಿ ಸೈನಿಕ’ ಸ್ಥಾನ ಆ ಪಡೆಯ ನಿವೃತ್ತರಿಗೆ ಸಿಗುವುದಿಲ್ಲ. ಸರ್ಕಾರದ ಪಟ್ಟಿ ಸರ್ಕಾರಕ್ಕೇ ಇರಲಿ.

ಮುಂದಿನ ದಿನಗಳಲ್ಲಿ ಈ ಮಾತು ಇನ್ನಷ್ಟು ಮುಖ್ಯವಾಗಲಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಮೊದಲ ತಂಡದವರ ನಾಲ್ಕು ವರ್ಷದ ಸೇವೆ ಮುಗಿಯುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಕಾಯಂ ಆಗಿ ಉಳಿಯುವುದು ಹೆಚ್ಚೆಂದರೆ ಶೇ 25. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಪಡೆದು ಮನೆಗೆ. ಪಿಂಚಣಿಯಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯಿಲ್ಲ. ಯೋಜನೆ ಸರಿಯೋ ತಪ್ಪೋ ಎಂದು ಸಂಸತ್ತು ಚರ್ಚಿಸಲಿ, ನಾವೂ ಚರ್ಚಿಸೋಣ. ಆದರೆ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಟ್ರಂಕು ಹಿಡಿದು ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಇಳಿದಾಗ ‘ಇವನನ್ನು ಇಟ್ಟುಕೊಳ್ಳಲಿಲ್ಲವಂತೆ’ ಎಂದು ಊರು ಪಿಸುಗುಟ್ಟಿದರೆ ಆ ಅನ್ಯಾಯಕ್ಕೆ ದೆಹಲಿಯನ್ನು ದೂರಲಾಗದು. ನಾಲ್ವರಲ್ಲಿ ಮೂವರು ವಾಪಸಾಗಲೇಬೇಕೆಂದು ಯೋಜನೆಯೇ ಹೇಳಿರುವಾಗ ಅದರಲ್ಲಿ ನಪಾಸಿನ ಮಾತು ಎಲ್ಲಿಂದ ಬಂತು? ಕೆಲಸ ಕೊಡುವ ಗೌರಿಬಿದನೂರಿನ ಕಾರ್ಖಾನೆಯವರಿಗೂ ಹೆಣ್ಣು ಕೊಡುವ ಮನೆಯವರಿಗೂ ಇದು ಮೊದಲೇ ತಿಳಿದಿರಲಿ. ಕಾರ್ಖಾನೆಯವರು ಅವರನ್ನು ಗೇಟಿನ ಕಾವಲಿಗೆ ಮಾತ್ರ ಲಾಯಕ್ಕು ಎಂದುಕೊಳ್ಳುವುದೂ ಬೇಡ. ಸೇನೆಯ ಸಿಗ್ನಲ್ಸ್ ದಳದಲ್ಲಿದ್ದವನಿಗೆ ಸಂಪರ್ಕ ಉಪಕರಣ ಗೊತ್ತು, ಯಂತ್ರ ದುರಸ್ತಿಯ ಇಎಂಇ ದಳದಲ್ಲಿದ್ದವನಿಗೆ ಯಂತ್ರ ಗೊತ್ತು.

ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದ ಆಚರಣೆ. ಪುಟ್ಟ ಧ್ವಜ ಪಡೆದು ನಿಧಿಗೆ ಕೈಲಾದಷ್ಟು ಕೊಡುತ್ತೇವೆ. ಅದು ನಡೆಯಲಿ. ಅದೇ ವಾರ ಪ್ರತಿ ಗ್ರಾಮ ಪಂಚಾಯಿತಿಯೂ ಒಂದು ಕೆಲಸ ಮಾಡಬಹುದು: ಊರಿನಿಂದ ಸೇವೆಯಲ್ಲಿರುವವರು ಯಾರು, ಅವರ ಪರವಾಗಿ ಸಂಪರ್ಕಿಸಬೇಕಾದವರು ಯಾರು, ಅವರ ಜಮೀನಿನ ಸರ್ವೆ ನಂಬರು ಯಾವುದು ಎಂದು ಒಂದು ವಹಿ ತೆರೆದು ಗ್ರಾಮ ಆಡಳಿತಾಧಿಕಾರಿಗೆ ಪ್ರತಿ ಕೊಡುವುದು. ಆ ಸರ್ವೆ ನಂಬರಿನ ಮೇಲೆ ಅರ್ಜಿಯೋ ನೋಟಿಸೋ ಬಂದ ದಿನವೇ ಮನೆಯವರಿಗೆ ಸುದ್ದಿ ಹೋಗುವಂತಾದರೆ ಸಾಕು. ಸೈನಿಕರ ವಿವರ ಪಟ್ಟಿ ಮಾಡುವುದು ಭದ್ರತೆಗೆ ಅಪಾಯ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗಾಗಿ ಪಂಚಾಯಿತಿ ಗೋಡೆಯ ಮೇಲೆ ಹೆಸರು ಬರೆಸುವುದು ಬೇಡ, ವಹಿ ಬೀರುವಿನಲ್ಲಿರಲಿ, ತುಕಡಿ, ಠಾಣ್ಯದ ವಿವರ ಅದಕ್ಕೆ ಬೇಕಿಲ್ಲ; ಮನೆಯವರ ಒಂದು ಫೋನ್ ನಂಬರು, ಒಂದು ಸರ್ವೆ ನಂಬರು ಇದ್ದರೆ ಕೆಲಸ ನಡೆಯುತ್ತದೆ.