ಬರಿಗಾಲಿನ ಅಹಮದ್ ಖಾನ್

ಹುಣಸೂರಿನಿಂದ ನಾಗರಹೊಳೆಗೆ ಹೋಗುವವರು ವೀರನಹೊಸಹಳ್ಳಿಯನ್ನು ಬಲ್ಲರು. ದಸರೆಯ ಆನೆಗಳನ್ನು ಪೂಜಿಸಿ ಮೈಸೂರಿಗೆ ಬೀಳ್ಕೊಡುವ ಊರದು. ಈಚೆಗೆ ಸಂಸಾರಸಮೇತ ಆ ದಾರಿ ಹಿಡಿದಿದ್ದ ನಾನು ಅಲ್ಲಿ ಕೆಲಹೊತ್ತು ತಂಗಬೇಕಾಯಿತು. ಪಕ್ಕದ ಬಯಲಿನಲ್ಲಿ ಏಳೆಂಟು ಹುಡುಗರು ಕಾಲ್ಚೆಂಡಾಡುತ್ತಿದ್ದರು. ಒಬ್ಬನ ಕಾಲಿನಲ್ಲಿಯೂ ಬೂಟಿರಲಿಲ್ಲ. ಹೆಬ್ಬೆರಳು ಒಡೆದುಕೊಂಡ ಹುಡುಗನೊಬ್ಬನು ನೀರು ಕೇಳಲು ನಮ್ಮ ಬಳಿಗೆ ಬಂದನು.

“ಬೂಟಿಲ್ದಿದ್ರೆ ಟೀಮಿಗೆ ಸೇರಿಸ್ಕೊಳ್ಳಲ್ವಂತೆ ಸಾರ್. ನಮ್ಮಪ್ಪ ಮುಂದಿನ ವರ್ಷ ನೋಡೋಣ ಅಂತಾರೆ,” ಎಂದನು. ಗಾಯ ತೊಳೆಯುತ್ತಲೇ, “ನಮ್ಮ ಕಡೆಯೋರು ಯಾರಾದ್ರೂ ಇಂಡಿಯಾಕ್ಕೆ ಆಡವ್ರಾ?” ಎಂದು ಕೇಳಿದನು.

ಆಡಿದ್ದಾರೆ; ಅದೂ ಬರಿಗಾಲಿನಲ್ಲಿ ಆಡಿದ್ದಾರೆ. ನಾನು ಅವನಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತೇನೆ.

ಅಹಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆಯೂ ಚೆಂಡಾಟಗಾರರೇ. ಬೆಂಗಳೂರಿನ ಬಯಲುಗಳಲ್ಲಿ ಪಳಗಿದ ಆ ಕಾಲುಗಳು 1948ರಲ್ಲಿ ಲಂಡನ್ ಒಲಿಂಪಿಕ್ಸ್ ತಲುಪಿದುವು. ಸ್ವತಂತ್ರ ಭಾರತದ ತಂಡಕ್ಕೆ ಅದು ಮೊದಲ ಒಲಿಂಪಿಕ್ಸ್. ಜುಲೈ 31ರಂದು ಫ್ರಾನ್ಸಿನ ಎದುರು ಆಟ. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ರಾಮನ್ ಒಂದು ಗೋಲು ಹೊಡೆದರೂ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯುವ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹಾಕಿ 2-1ರಲ್ಲಿ ಗೆದ್ದಿತು. ಸೋತವರನ್ನೇ ಜನ ಮೆಚ್ಚಿಕೊಂಡರು.

1949ರಲ್ಲಿ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹಮದ್ ಖಾನ್: ಈ ಐವರನ್ನು ವಂಗದ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು! ಚೆಂಡು ಖಾನರ ಪಾದಕ್ಕೆ ಸಿಕ್ಕಿತೆಂದರೆ ಪುಂಗಿಗೆ ಮರುಳಾದ ಹಾವಿನಂತೆ ಆಡುತ್ತಿದ್ದಿತು. ಆದುದರಿಂದಲೇ ಅವರಿಗೆ ‘ಹಾವಾಡಿಗ’ನೆಂಬ ಬಿರುದು. 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಲ್ಲಿ ಮಣಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ತಣ್ಣನೆಯ ನಾಡು, ಎದುರಿಗೆ ಬಲಾಢ್ಯ ಯುಗೊಸ್ಲಾವಿಯ. ಭಾರತ ಹತ್ತು ಗೋಲು ತಿಂದಿತು; ಮರಳಿ ಕೊಟ್ಟುದು ಒಂದೇ ಒಂದು. ಹತ್ತು ಗೋಲು ಬಿದ್ದ ಮೇಲೆ ಯಾರ ಕಾಲು ತಾನೆ ಓಡೀತು? ಆದರೂ ಆಟದ ಕೊನೆಯ ನಿಮಿಷಗಳಲ್ಲಿ ಆ ಒಂದು ಗೋಲನ್ನು ಹೊಡೆದವರು ಅಹಮದ್ ಖಾನರು.

ಆ ಸೋಲಿನ ಬಳಿಕ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ಆಸ್ಟ್ರೇಲಿಯವನ್ನು 4-2ರಲ್ಲಿ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ನಮ್ಮ ಕೆಂಪಯ್ಯನವರಿದ್ದರು.

ಇಷ್ಟನ್ನು ಹೇಳಿ ಮುಗಿಸಿದಾಗ ಹುಡುಗರೆಲ್ಲ ಸುತ್ತ ನೆರೆದಿದ್ದರು. “ಅವರು ಈಗ ಎಲ್ಲವ್ರೆ ಸಾರ್?” ಎಂದಿತು ಒಂದು ದನಿ. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ ವಯಸ್ಸಿನಲ್ಲಿ ತೀರಿಕೊಂಡರೆಂದೆ. “ನಮ್ಮ ಮೇಷ್ಟ್ರು ಹೇಳೇ ಇಲ್ಲ,” ಎಂದನು ಹೆಬ್ಬೆರಳಿನ ಹುಡುಗನು.

ಮೇಷ್ಟರನ್ನು ದೂರಿ ಫಲವೇನು? ನಮ್ಮ ಮನೆಗಳಲ್ಲಿ ಕ್ರಿಕೆಟ್ಟಿನ ಅಂಕಿಗಳು ಮಕ್ಕಳ ನಾಲಗೆಯ ತುದಿಯಲ್ಲಿವೆ. ಅಹಮದ್ ಖಾನರ ಹೆಸರನ್ನು ನಾನಾದರೂ ನನ್ನ ಮಕ್ಕಳಿಗೆ ಹೇಳಿದ್ದೆನೆ? ಹಿಂದಿನ ಆಸನದಲ್ಲಿ ಕುಳಿತಿದ್ದ ನನ್ನ ಮಗನೂ ಆ ಕಥೆಯನ್ನು ಅಂದೇ ಮೊದಲ ಸಲ ಕೇಳಿದನು. 2023ರಲ್ಲಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದುದೂ ಅವನಿಗೆ ತಿಳಿದಿರಲಿಲ್ಲ.

ಬರಿಗಾಲಿನ ಆಟವನ್ನು ಹೊಗಳುವುದು ನಮಗೆ ಸುಲಭ. ಬೆರಳು ಒಡೆಯುವುದು ಆ ಹುಡುಗನದು. ಬರಿಗಾಲಿನಲ್ಲಿ ಕಲಿತ ಕುಶಲತೆಗೆ ಬೂಟಿನ ಬಲವೂ ಬೇಕೆಂಬುದೇ ಹೆಲ್ಸಿಂಕಿಯ ಪಾಠ. ನನ್ನ ಮಗನ ಬೂಟು ಆರು ತಿಂಗಳಿಂದ ಮಂಚದ ಕೆಳಗೆ ಧೂಳು ಹಿಡಿದಿದ್ದಿತು. ಅಳತೆ ಸರಿಹೋದೀತೆಂದು ಅವನೇ ಹೇಳಿದನು. ಊರಿಗೆ ಮರಳಿದ ವಾರದಲ್ಲಿಯೇ ಅದನ್ನು ಒರೆಸಿ, ಹೊಸ ಲೇಸು ಹಾಕಿ, ವೀರನಹೊಸಹಳ್ಳಿಗೆ ಕಳುಹಿಸಿದೆವು.

ಓದುಗರ ಮನೆಯ ಮಂಚದ ಕೆಳಗೂ ಒಮ್ಮೆ ನೋಡಬಾರದೆ?