ಚಿತ್ರ ಬರೆಯಲೂ ನೂರು ಮಕ್ಕಳು ಬೇಕೆ?

ಮೇ ತಿಂಗಳು ಬಂತೆಂದರೆ ಊಟಿಯಲ್ಲಿ ಸೀಸನ್. ಫಲಪುಷ್ಪ ಪ್ರದರ್ಶನದ ಗದ್ದಲದ ನಡುವೆ ಮಕ್ಕಳಿಗೆ, ಯುವಕರಿಗೆ ಕಲಾ ಶಿಬಿರಗಳೂ ನಡೆಯುತ್ತವೆ. ಅಂಥ ಒಂದು ಶಿಬಿರದ ಕರಪತ್ರ ಒಮ್ಮೆ ನಮ್ಮ ಕೈಗೂ ಬಂತು. ಸಮುದಾಯದ ಎಲ್ಲರಿಗೂ ಸ್ವಾಗತ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೆಳಗೆ ಶುಲ್ಕ. ಬಣ್ಣ, ಕುಂಚ ತಾವೇ ತರಬೇಕು, ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರಬೇಕು. ಅರ್ಥ ಕೇಳಿಸಿಕೊಂಡ ಏಳನೇ ತರಗತಿಯ ಹುಡುಗಿ, "ಸಾರ್, ಸಮುದಾಯ ಅಂದ್ರೆ ನಾವೂ ಸೇರ್ತೀವಾ?" ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಬರಹ.

ಶಿಬಿರಗಳೇ ಬೇಡ ಎನ್ನುತ್ತಿಲ್ಲ. ಆದರೆ ಅವು ಯಾರಿಗಾಗಿ ಎಂದು ಕೇಳುವ ಹಕ್ಕು ನಮಗಿದೆ. ಮಸಿನಗುಡಿಯ ಮಗು ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ಒಂಬತ್ತಕ್ಕೆ ಊಟಿ ಸೇರಬೇಕಾದರೆ ತಾಯಿ ಒಂದು ದಿನದ ಕೂಲಿ ಬಿಡಬೇಕು. ಇತ್ತ ಮೈಸೂರಿನ ರಂಗಾಯಣದಲ್ಲಿ ಪ್ರತಿ ಬೇಸಿಗೆಯಲ್ಲೂ ಚಿಣ್ಣರ ಮೇಳ ನಡೆಯುತ್ತದೆ, ಅದೂ ನಮ್ಮದೇ ಭಾಷೆಯಲ್ಲಿ. ಆದರೆ ನಡುವೆ ಬಂಡೀಪುರ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್. ಕಾಡಿನ ದೃಷ್ಟಿಯಿಂದ ಅದು ಸರಿಯೇ. ಅಂತೂ ನಮ್ಮ ಮಕ್ಕಳಿಗೆ ಅತ್ತ ಊಟಿಯೂ ದೂರ, ಇತ್ತ ಮೈಸೂರೂ ದೂರ.

ಹಾಗಾದರೆ ಇಲ್ಲಿ ಕಲೆಗೆ ಬರವೇ? ಖಂಡಿತ ಇಲ್ಲ. ಕೋಟಗಿರಿ ಬಳಿಯ ವೆಳ್ಳರಿಕೊಂಬೈಯ ಬಂಡೆಯ ಮೇಲೆ ಹಳೆಯ ಚಿತ್ರಗಳಿವೆ. ಅಲ್ಲಿನ ಕುರುಂಬರು ಹೊನ್ನೆ ಮರದ ಅಂಟು, ಸೊಪ್ಪು, ತೊಗಟೆ, ಮಣ್ಣಿನಿಂದಲೇ ಬಣ್ಣ ಮಾಡಿ ಚಿತ್ರ ಬರೆಯುತ್ತಾರೆ. ತೋಡ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಿಂದ ಕಸೂತಿ ಹಾಕುತ್ತಾರೆ. ಮೊದಲೇ ಗೀಟು ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೆಣೆಯುತ್ತಾರೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಇನ್ನು ಗೂಡಲೂರಿನ ಲಂಟಾನ ಆನೆಗಳನ್ನೇ ನೋಡಿ. ಕಾಡನ್ನೆಲ್ಲ ನುಂಗುತ್ತಿರುವ ಆ ಕಳೆಗಿಡದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಕಬ್ಬಿಣದ ಚೌಕಟ್ಟಿನ ಮೇಲೆ ಬಾಗಿಸಿ ಬೆಟ್ಟಕುರುಬ, ಪಣಿಯ, ಸೋಲಿಗ ಕಲಾವಿದರು ಆಳೆತ್ತರದ ಆನೆಗಳನ್ನು ಕಟ್ಟಿದರು. 2021ರಲ್ಲಿ ಅವು ಲಂಡನ್ನಿನ ಪಾರ್ಕುಗಳಲ್ಲಿ ನಿಂತವು, 2024ರಲ್ಲಿ ನ್ಯೂಯಾರ್ಕಿಗೂ ಹೋದವು. ನಮಗೆ ಹೆಮ್ಮೆಯೇ. ಆದರೆ ಆ ಆನೆ ಕಟ್ಟಿದ ಕೈಗಳು ಪಕ್ಕದ ಊರಿನ ಶಾಲೆಯಲ್ಲಿ ಒಂದು ದಿನ ಪಾಠ ಮಾಡುವುದಕ್ಕೆ ಯಾವ ಏರ್ಪಾಡಿದೆ?

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಲೆಗೆ ಅರೆಕಾಲಿಕ ಶಿಕ್ಷಕರು ಕಡ್ಡಾಯ. 2012ರಲ್ಲಿ ತಮಿಳುನಾಡು ಸರ್ಕಾರ ಕಲೆ, ವ್ಯಾಯಾಮ, ಕೈಕೆಲಸಕ್ಕೆಂದು 16 ಸಾವಿರಕ್ಕೂ ಹೆಚ್ಚು ಅರೆಕಾಲಿಕ ಶಿಕ್ಷಕರನ್ನು ನೇಮಿಸಿತು. ಆಗಿನ ಸಂಬಳ ತಿಂಗಳಿಗೆ 5 ಸಾವಿರ ರೂಪಾಯಿ! ಗಡಿಯಾಚೆಯ ಪುಟ್ಟ ಕನ್ನಡ ಶಾಲೆಗಳು ಆ ನೂರರ ಲೆಕ್ಕವನ್ನು ಎಲ್ಲಿಂದ ಮುಟ್ಟಬೇಕು? ಮಕ್ಕಳು ಕಡಿಮೆ ಅಂತ ಮೇಷ್ಟ್ರಿಲ್ಲ, ಮೇಷ್ಟ್ರಿಲ್ಲ ಅಂತ ಮಕ್ಕಳು ಬರುವುದಿಲ್ಲ. ಕಲಾ ಶಿಬಿರದವರು ಮೊದಲು ಬರಬೇಕಾದ್ದು ಇಂಥ ಶಾಲೆಗಳಿಗೇ ಅಲ್ಲವೇ?

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಕಲೆ ಹತ್ತನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ನಾವು ಮಾಡಿದ್ದೇನು? ಪರೀಕ್ಷೆ ಹತ್ತಿರ ಬಂತೆಂದು ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟೆವು. "ಚಿತ್ರ ಬರೆದರೆ ಮಾರ್ಕು ಬರುತ್ತಾ ಸಾರ್?" ಎಂದ ಪೋಷಕರಿಗೆ ತಲೆಯಾಡಿಸಿದೆವು. ಎಳೆ ಎಣಿಸಿ ಕಸೂತಿ ಹಾಕುವ ತೋಡ ಅಜ್ಜಿಯ ಮುಂದೆ ಕೂತಿದ್ದರೆ ಆ ಗಣಿತವೂ ಬರುತ್ತಿತ್ತೇನೋ!

ನಮ್ಮ ಬೇಡಿಕೆ ದೊಡ್ಡದಲ್ಲ. ಶಿಬಿರ ನಡೆಸುವವರು ವರ್ಷಕ್ಕೆ ಎರಡು ದಿನವಾದರೂ ಊಟಿ ಬಿಟ್ಟು ಕೆಳಗಿಳಿದು ಬರಲಿ. ಸ್ಥಳೀಯ ಕಲಾವಿದರನ್ನೇ ಕರೆತರಲಿ. ಅವರಿಗೆ ಶಾಲು, ಹಾರ ಸಾಲದು, ಕೂಲಿಗಿಂತ ಕಡಿಮೆಯಾಗದ ಸಂಭಾವನೆ ಕೊಡಲಿ. ಹೇಳಿಕೊಡುವಾಗ ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಮಾತಾಡಲಿ. ತಮಿಳು ಈ ನೆಲದ ಭಾಷೆ, ನಮ್ಮ ಮಕ್ಕಳು ಕಲಿಯುತ್ತಲೇ ಇದ್ದಾರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಬಣ್ಣ ಕಲೆಸುವಾಗ ಮೂಡುವ ಪ್ರಶ್ನೆಯನ್ನು ಮಗು ತನ್ನ ಮಾತಿನಲ್ಲೇ ಕೇಳುವಂತಿರಬೇಕು.

ಶಾಲೆಯ ಗೋಡೆ ಖಾಲಿ ಇದೆ. ಸುಣ್ಣ ಬಳಿಯುವ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆ. ಚಿತ್ರ ಬರೆಯಲು ಮಕ್ಕಳೂ ತಯಾರಿದ್ದಾರೆ. ಹೇಳಿಕೊಡುವವರು ಮಾತ್ರ ಬರಬೇಕು. ಬೇರೆ ಕನ್ನಡ ಶಾಲೆಗಳ ಮಿತ್ರರೇ, ನಿಮ್ಮಲ್ಲಿ ಡ್ರಾಯಿಂಗ್ ಪೀರಿಯಡ್ ಇನ್ನೂ ಉಳಿದಿದೆಯೇ?