ಮೆಡಿಕಲ್ ಕಾಲೇಜಿಗೆ ಬಂದ್ ಆಯಿತು, ಬಿಪಿಗೆ?

2023ರ ಸೆಪ್ಟೆಂಬರ್‌ನಲ್ಲಿ ರಾಮನಗರ ಬಂದ್ ಆಯಿತು. ತಮಗೆ ಬರಬೇಕಿದ್ದ ಮೆಡಿಕಲ್ ಕಾಲೇಜನ್ನು ಕನಕಪುರಕ್ಕೆ ಸಾಗಿಸುತ್ತಿದ್ದಾರೆ ಎಂಬ ಸಿಟ್ಟು ಅದು. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ಒಪ್ಪಿತು, ಮತ್ತೊಂದು ಸುತ್ತು ವಾಗ್ವಾದ ನಡೆಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರು ಜಗಳಕ್ಕೆ ಹಿಂಜರಿಯುವ ಪೈಕಿ ಅಲ್ಲ. ಆದರೆ ಮೂವತ್ತೈದರ ಗಂಡಾಳು ಎದೆ ಹಿಡಿದು ಕುಸಿದನೆಂದರೆ ನಾವೆಲ್ಲ ಹೇಳುವುದು ಒಂದೇ ಮಾತು: ‘ಅಯ್ಯೋ, ಎಷ್ಟು ಗಟ್ಟಿಮುಟ್ಟಾಗಿದ್ದ!’ ಆ ಗಟ್ಟಿಮುಟ್ಟು ಆಸಾಮಿಯ ಬಿಪಿ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸಿಗುವುದಿಲ್ಲ, ಏಕೆಂದರೆ ಯಾರೂ ಅಳೆದೇ ಇರುವುದಿಲ್ಲ.

2025ರ ಜೂನ್‌ನಲ್ಲಿ ಹಾಸನದಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಇಡೀ ರಾಜ್ಯ ಬೆಚ್ಚಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದೂ ಇದಕ್ಕೆ ಕಾರಣವಿರಬಹುದು ಎಂದುಬಿಟ್ಟರು. ಮುಗಿಯಿತಲ್ಲ! ಕೇಂದ್ರ ಅಲ್ಲಗಳೆಯಿತು, ಉದ್ಯಮಿಗಳು ತಿರುಗಿಬಿದ್ದರು, ಟಿವಿಗಳಿಗೆ ವಾರಗಟ್ಟಲೆ ಹಬ್ಬ. ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸರತಿ ಸಾಲು ನಿಂತಿತು. ಹೆದರಿ ಓಡಿ ಬರಬೇಡಿ ಎಂದು ಆಸ್ಪತ್ರೆಯವರೇ ಕೈಮುಗಿಯಬೇಕಾಯಿತು.

ಲಸಿಕೆಯ ವಾದವನ್ನು ಒಮ್ಮೆ ನೇರವಾಗಿ ಎದುರಿಸಿಬಿಡೋಣ. ‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ’ ಎನ್ನುತ್ತಾರೆ. ನಿಜ, ಬದುಕಿರುವವರೂ ಅವರೇ. ಹೋಲಿಸಿ ನೋಡದ ಹೊರತು ಆ ಮಾತಿಗೆ ಅರ್ಥವಿಲ್ಲ. ಐಸಿಎಂಆರ್ ಮಾಡಿದ್ದು ಅದನ್ನೇ: 18ರಿಂದ 45ರೊಳಗೆ ಹಠಾತ್ತನೆ ತೀರಿಕೊಂಡ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ನೆರೆಹೊರೆಯ 2,916 ಮಂದಿಯೊಂದಿಗೆ ಹೋಲಿಸಿತು. ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು, ಮೈಮುರಿಯುವ ಕಸರತ್ತು. ರಾಜ್ಯ ಸರ್ಕಾರವೇ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ನೇಮಿಸಿದ ಸಮಿತಿಯೂ ಲಸಿಕೆಗೆ ಕೊಂಡಿ ಕಾಣಲಿಲ್ಲ. ಜಯದೇವಕ್ಕೆ ಬಂದ, 45 ದಾಟದ 251 ರೋಗಿಗಳನ್ನು ಅದು ನೋಡಿತು. 111 ಮಂದಿ ಧೂಮಪಾನಿಗಳು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಸಕ್ಕರೆ ಕಾಯಿಲೆ. ಈ ಯಾವ ಕಾರಣವೂ ಇಲ್ಲದವರೂ ಇದ್ದರು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಹಾಗೆ ಉಳಿದವರ ಒಗಟು ಬಿಡಿಸುವವರೆಗೆ, ಕಣ್ಣೆದುರೇ ಇರುವ ಬೀಡಿ, ಬಿಪಿ, ಶುಗರ್‌ಗಳನ್ನು ಬಿಟ್ಟುಕೂರುವುದು ಯಾವ ಜಾಣತನ?

ನಮ್ಮ ತಾಲ್ಲೂಕುಗಳಿಗೆ ಬರೋಣ. ಇಲ್ಲಿಯ ಸಂಸದ ಡಾ. ಸಿ.ಎನ್. ಮಂಜುನಾಥ್ ಅವರು ಜಯದೇವವನ್ನು ದೀರ್ಘಕಾಲ ಮುನ್ನಡೆಸಿದ ಹೃದ್ರೋಗ ತಜ್ಞರು. ಉಪಮುಖ್ಯಮಂತ್ರಿಯಾಗಿ ಡಿ.ಕೆ. ಶಿವಕುಮಾರ್ ಅವರು ಜಿಲ್ಲೆಯ ಹೆಸರನ್ನೇ ಬದಲಿಸಿಕೊಂಡದ್ದನ್ನು ನೋಡಿದ್ದೇವೆ. ಇಷ್ಟು ಬಲ ಎಷ್ಟು ಜಿಲ್ಲೆಗಳಿಗಿದೆ? ಆದರೂ ನಮ್ಮ ಬೇಡಿಕೆ ಕಟ್ಟಡದಿಂದಾಚೆ ಹೋಗುವುದೇ ಇಲ್ಲ.

ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯಜ್ಯೋತಿ ಯೋಜನೆ ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುತ್ತಾರೆ. ಹೊರಗೆ ಸಾವಿರಾರು ರೂಪಾಯಿಯ ಔಷಧಿ ಅದು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವ ಬದಲು ಅಲ್ಲಿಗೆ ಹೋದವರು ಉಳಿಯುವ ಸಾಧ್ಯತೆ ಹೆಚ್ಚು. ಲಕ್ವಕ್ಕೂ ಗಡಿಯಾರವಿದೆ: ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ನಾಲ್ಕೂವರೆ ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಯಲ್ಲಿರಬೇಕು, ನಾಟಿ ಔಷಧಿಯವರ ಜಗಲಿಯ ಮೇಲಲ್ಲ. ಇದೆಲ್ಲ ಸರಿಯೇ. ಆದರೆ ಇದೆಲ್ಲ ಏಟು ಬಿದ್ದ ಮೇಲಿನ ಮಾತು.

ಏಟು ಬೀಳುವ ಮುಂಚಿನದು ನೋಡಿ. ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ತಪಾಸಣೆ ಶುರುವಾಗುವುದು 30 ವರ್ಷಕ್ಕೆ. ಹದಿನೈದರ ಶಾಲಾ ಮಕ್ಕಳ ಹೃದಯ ಪರೀಕ್ಷೆ ಮಾಡಿ ಎಂದು ರವೀಂದ್ರನಾಥ್ ಸಮಿತಿ ಶಿಫಾರಸು ಮಾಡಿದೆ. ನಡುವಿನ ಹದಿನೈದು ವರ್ಷ? ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಹುಡುಗ, ಬಿಡದಿಯಲ್ಲಿ ರಾತ್ರಿ ಪಾಳಿ ಮಾಡುವವನು, ಮಾಗಡಿಯಿಂದ ಬೆಂಗಳೂರಿಗೆ ಹೋಗಿ ಹದಿನಾಲ್ಕು ತಾಸು ಕ್ಯಾಬ್ ಓಡಿಸುವವನು ಯಾವ ಪಟ್ಟಿಯಲ್ಲೂ ಇಲ್ಲ. ಟೀ, ಸಿಗರೇಟು, ಗುಟ್ಕಾ, ಪೊಟ್ಟಣದ ಖಾರ, ಭಾನುವಾರ ಎಣ್ಣೆ, ನಿದ್ದೆಯಿಲ್ಲದ ಸೋಮವಾರ. ಆಶಾ ಕಾರ್ಯಕರ್ತೆ ಹಗಲು ಮನೆಗೆ ಬಂದಾಗ ಇವನು ಮನೆಯಲ್ಲಿರುವುದೂ ಇಲ್ಲ.

ಹಾಗಾದರೆ ಅವನಿದ್ದಲ್ಲಿಗೆ ಹೋಗಬೇಕು. ರಾಮನಗರದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ದಿನ ಬೆಳಗಾದರೆ ರೈತರು, ರೀಲರ್‌ಗಳು, ಹಮಾಲರು ಸೇರುತ್ತಾರೆ. ಹರಾಜು ಮುಗಿಯುವುದರೊಳಗೆ ಎಷ್ಟು ತೋಳುಗಳಿಗೆ ಪಟ್ಟಿ ಸುತ್ತಬಹುದು! ಚನ್ನಪಟ್ಟಣದ ಬೊಂಬೆ ಕಾರ್ಖಾನೆ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ, ಆಟೊ ನಿಲ್ದಾಣ, ಎಲ್ಲ ಕಡೆಯೂ ಸಾಧ್ಯ. ಇದಕ್ಕೆ ಸೂಪರ್ ಸ್ಪೆಷಾಲಿಟಿ ಬೇಡ, ಬಿಪಿ ಮೆಷಿನ್ ಒಂದಿದ್ದರೆ ಸಾಕು. ತಪಾಸಣೆಯ ವಯಸ್ಸನ್ನು ಮೂವತ್ತರಿಂದ ಹದಿನೆಂಟಕ್ಕೆ ಇಳಿಸುವುದು ಒಂದು ಆದೇಶದ ಕೆಲಸ.

‘ಬಿಪಿ ಮಾತ್ರೆ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ’ ಎಂಬ ಹೆದರಿಕೆ ಇದೆ. ಇರಲಿ, ಜೀವನ ಪೂರ್ತಿಯಾಗುವುದಕ್ಕೇ ಅದನ್ನು ತೆಗೆದುಕೊಳ್ಳುವುದು. ನನ್ನ ಸಿಟ್ಟು ರೋಗಿಯ ಮೇಲಲ್ಲ, ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎನ್ನುವ ವ್ಯವಸ್ಥೆಯ ಮೇಲೆ. ದಿನಗೂಲಿಯವನು ಮುಂದಿನ ವಾರ ಬರುವುದಿಲ್ಲ.

ಇನ್ನು ಸಿಗರೇಟು. ರಾಜ್ಯದ ತಿದ್ದುಪಡಿ ಕಾನೂನಿಗೆ 2025ರ ಮೇನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ. ಹೆದ್ದಾರಿಯ ಯಾವ ಟೀ ಅಂಗಡಿಗೆ ಇದು ಗೊತ್ತಿದೆ? ಒಂದೊಂದೇ ಸಿಗುವುದರಿಂದಲೇ ಹದಿನೇಳರ ಹುಡುಗನಿಗೆ ಅದು ಕೈಗೆಟಕುತ್ತದೆ. ಇದನ್ನು ಬಂದ್ ಮಾಡಿಸಲು ಯಾವ ಸಂಘಟನೆಯೂ ಬೀದಿಗಿಳಿದಿಲ್ಲ.

ಮೆಡಿಕಲ್ ಕಾಲೇಜು ರಾಮನಗರಕ್ಕೂ ಬರಲಿ, ಕನಕಪುರಕ್ಕೂ ಬರಲಿ. ಅದು ಬರುವವರೆಗೆ ಓದುಗರಲ್ಲಿ ಒಂದು ಕೇಳಿಕೆ. ಈ ವಾರ ನಿಮ್ಮ ಮನೆಯ ಇಪ್ಪತ್ತು ದಾಟಿದವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಬಿಪಿ ನೋಡಿಸಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಮೀರಿದ್ದರೆ ವೈದ್ಯರ ಮಾತು ಕೇಳಿ. ಅಲ್ಲಿ ಮಾತ್ರೆ ಇಲ್ಲವೆಂದರೆ ಸುಮ್ಮನೆ ಮರಳಬೇಡಿ. ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು, ಪ್ರತಿಯೊಂದನ್ನು ನಿಮ್ಮ ಶಾಸಕರ ಕೈಗಿಡಿ.